ಒಂದು ದಿನದ ಕೀಲಿ

"ಫೋಟೋದಾಗ ಹಾಲ ಉಕ್ಕಸಾಕತ್ತಾಕಿ ನಾನ, ಖರೆರಿ. ಆದ್ರ ಆ ಫ್ಲ್ಯಾಟ್ ನಮ್ಮ ಕೈಗೆ ಬಂದಿದ್ದಿಲ್ರಿ. ವಾಸ್ತುಶಾಂತಿ ಕಾರ್ಡ್ ಅಚ್ಚ ಹಾಕ್ಸಿ ಊರೂರಿಗೆ ಹಂಚಿದ್ವಿ, ಆಮ್ಯಾಲ ಬಿಲ್ಡರ್ ಇನ್ನ ಆರ ತಿಂಗಳ ಅಂದ. ಕೈಕಾಲ ಹಿಡದ ಮ್ಯಾಲ, 'ಒಂದ ದಿನದ ಮಟ್ಟಿಗೆ ಕೀಲಿ ಒಯ್ರಿ, ಸಂಜೀಕ ತಂದ ಕೊಡ್ರಿ' ಅಂದ. ಬಾಜೂ ಅಂಗಡಿಯಿಂದ ವಾಯರ್ ಎಳದು ಲೈಟ್ ಹಚ್ಚಿದ್ವಿ. ನೀರು ಮೂರ ಮಾಳಿಗಿ ಕೊಡದಾಗ ಹೊತ್ವಿ. ಪಾಯಖಾನಿಗೆ ಬಾಗಲಾನ ಇರಲಿಲ್ಲ, ಇಳಕಲ್ ಸೀರಿ ಇಳಿಬಿಟ್ಟು 'ಒಳಗ ಸಾಮಾನ ಅದಾವ' ಅಂತ ಮಂದಿಗೆ ಹೇಳಿದ್ವಿ. ಬಿಲ್ಡರೂ ಬಂದ, ಮೂರ ಹೋಳಿಗಿ ತಿಂದ, ಫೋಟೋ ಹೊಡಸ್ಕೊಂಡ. ಸಂಜೀಕ ಕೀಲಿ ಕೊಟ್ಟು ಮತ್ತ ಬಾಡಿಗಿ ಮನೀಗೆ ಬಂದ್ವಿ."

ಬೆಳಗಾವಿಯಲ್ಲಿ ವಕೀಲರಾದ ಅರ್ಚನಾ ಅವರ ಮುಂದೆ ಇಷ್ಟು ಹೇಳುವಾಗ ದಾಕ್ಷಾಯಿಣಿ ಒಮ್ಮೆಯೂ ತಲೆ ಎತ್ತಲಿಲ್ಲ. ಗೋಕಾಕದಲ್ಲಿ ಮೂವತ್ತು ವರ್ಷ ಜಂಪರ ಹೊಲಿದವಳು. ಬೆರಳಗಲ ಅಳತೆ ತಪ್ಪಿದರೂ ಪೂರಾ ಬಿಚ್ಚಿ ಹೊಸದಾಗಿ ಹೊಲಿದು ಕೊಡುವಾಕೆ ಎಂದು ಓಣಿಯಲ್ಲೆಲ್ಲ ಹೆಸರು. ಅವಳೂ ಗಂಡ ಶ್ರೀಶೈಲನೂ ಕೊಂಡ ಫ್ಲ್ಯಾಟು ವಾಯಿದೆ ಮುಗಿದು ಮೂರು ವರ್ಷವಾದರೂ ಸಿಗಲಿಲ್ಲವೆಂದು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದರು. ಬಿಲ್ಡರ್ ಆ ಫೋಟೋ ತಂದಿಟ್ಟು, ಮನೆ ಎಂದೋ ಕೊಟ್ಟಾಯಿತು ಎಂದಿದ್ದ.

"ಅವತ್ತಿನ ಸ್ಥಿತಿ ಕಣ್ಣಾರೆ ಕಂಡವರು ಒಬ್ರಾದ್ರೂ ಸೋಮವಾರ ಸಾಕ್ಷಿ ಹೇಳಾಕ ಬರಬೇಕ್ರಿ," ಎಂದರು ಅರ್ಚನಾ.

ಬಂದ ಮಂದಿಯಲ್ಲಿ ಹತ್ತಿರದಿಂದ ಕಂಡವರು ಒಬ್ಬರಿದ್ದರು. ಗಂಡನ ಅಕ್ಕ, ಕೌಜಲಗಿಯ ಕಾಶೆವ್ವ. ಅವತ್ತು ನೀರಿನ ಕೊಡ ಹೊತ್ತವರಲ್ಲಿ ಆಕೆಯೂ ಒಬ್ಬಳು. ರಾತ್ರಿ ಉಳಿಯುತ್ತೇನೆ ಎಂದವಳನ್ನು, ಹಾಸಿಗೆ ಇನ್ನೂ ಬಂದಿಲ್ಲವೆಂದು ದಾಕ್ಷಾಯಿಣಿಯೇ ಐದರ ಬಸ್ಸಿಗೆ ಹತ್ತಿಸಿದ್ದಳು. ಮುಂದೆ ಆಕೆ ಫೋನಿನಲ್ಲಿ ಹೊಸ ಮನೆ ಹೇಗಿದೆ ಎಂದಾಗಲೆಲ್ಲ ದಾಕ್ಷಾಯಿಣಿ, "ಗಾಳಿ ಛಲೋ ಬರತೈತ್ರಿ ಅಕ್ಕಾರ" ಎನ್ನುತ್ತಿದ್ದಳು. ಆಕೆ ಗೋಕಾಕಕ್ಕೆ ಹೊರಡುವ ಸುಳಿವು ಸಿಕ್ಕರೆ ತಾನೇ ಮೊದಲು ಕೌಜಲಗಿಗೆ ಹೋಗಿ ಕೂಡುತ್ತಿದ್ದಳು.

ಈ ಸಲ ಹೋದಾಗ ಕಾಶೆವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ದಾಕ್ಷಾಯಿಣಿ ಚಪ್ಪಲಿ ಬಿಟ್ಟವಳೇ ನಿಂತಲ್ಲೇ ಎಲ್ಲ ಹೇಳಿದಳು. ಕೂತರೆ ಬಾಯಿ ಕಟ್ಟೀತೆಂದು ಅಂಜಿಕೆ.

ಮೊರ ಆಡಿಸುತ್ತಿದ್ದ ಕೈ ನಿಂತಿತು.

"ಮತ್ತ ಗಾಳಿ ಛಲೋ ಬರತೈತಿ ಅಂತಿದ್ದೆಲ್ಲ?"

"ಬಾಡಿಗಿ ಮನಿಗೂ ಕಿಡಕಿ ಐತಲ್ರಿ, ಅಕ್ಕಾರ."

"ಆಹಾ, ಜಾಣಿ!" ಕಾಶೆವ್ವ ನಗಲಿಲ್ಲ. "ನನ್ನ ತಮ್ಮಂದು ಗೋಕಾಕದಾಗ ಸ್ವಂತ ಮನಿ ಅಂತ ಊರ ತುಂಬ ಹೇಳ್ಕೋತ ಅಡ್ಡಾಡೀನಲ್ಲ, ನನ್ನ ಮಾರಿ ಎಲ್ಲಿ ಇಡ್ಲಿ? ಬಿಲ್ಡರ್ ನಿಮಗ ಸುಳ್ಳ ಹೇಳಿದ, ನೀವು ಕೋರ್ಟಿಗೆ ಹ್ವಾದ್ರಿ. ನೀ ನನಗ ಮೂರ ವರ್ಷ ಸುಳ್ಳ ಹೇಳಿದಿ. ನಾ ಎಲ್ಲಿಗೆ ಹೋಗ್ಲಿ?"

ದಾಕ್ಷಾಯಿಣಿ ತಲೆ ಬಗ್ಗಿಸಿದಳು.

ಕಾಶೆವ್ವ ಮತ್ತೆ ಮೊರ ಆಡಿಸುತ್ತ ಅಂದಳು: "ಸೋಮವಾರ ಮುಂಜಾನಿ ಬಸ್ಸಿಗೆ ಬರ್ತೇನಿ. ಕಂಡದ್ದಷ್ಟ ಹೇಳ್ತೇನಿ. ಪಾಯಖಾನಿಗೆ ಸೀರಿ ಇಳಿಬಿಟ್ಟಿದ್ದೂ ಹೇಳ್ತೇನಿ, ನೀ ನನ್ನ ಬಸ್ ಹತ್ತಿಸಿದ್ದೂ ಹೇಳ್ತೇನಿ. ಮಂದ್ಯಾಗ ಕೇಳೂದಾಗತೈತಿ, ತಯಾರಿರು."

"ಹೇಳ್ರಿ ಅಕ್ಕಾರ. ಎಲ್ಲಾ ಹೇಳ್ರಿ."

ಕುಳಿತುಕೋ ಎಂದು ಕಾಶೆವ್ವ ಅನ್ನಲಿಲ್ಲ. ಚೀಲದಿಂದ ಇನ್ನಷ್ಟು ಜೋಳ ಸುರಿದುಕೊಂಡಳು. ದಾಕ್ಷಾಯಿಣಿ ಗೋಡೆಗೆ ಒರಗಿಸಿದ್ದ ಇನ್ನೊಂದು ಮೊರ ತೆಗೆದುಕೊಂಡು, ಕಟ್ಟೆಯ ತುದಿಗೆ ಕೂತು, ಬಗ್ಗಿಸಿದ ತಲೆ ಎತ್ತದೆ ಹರಳು ಆರಿಸತೊಡಗಿದಳು.