ಒನಕೆ ನಿಂತ ಓಣಿ

ಬೆಳಿಗ್ಗೆ ಅಂಗಳಕ್ಕೆ ಸೆಗಣಿ ನೀರು ಚಿಮುಕಿಸುವಾಗ ನಾನು ಮೊದಲು ನೋಡುತ್ತಿದ್ದುದು ಸೋದರತ್ತೆಯ ಎಡಗಣ್ಣನ್ನು. ನೋವು ಬರುವ ದಿನ ಆ ರೆಪ್ಪೆ ತುಸು ಜೋತು ಬೀಳುತ್ತಿತ್ತು. ಅಂದು ರೆಪ್ಪೆ ನೆಟ್ಟಗಿತ್ತು. ಅತ್ತೆ ಬಿಸಿಲಿಗೆ ಮುಖಮಾಡಿ ಕೂತು ಜೋಳ ಕೇರುತ್ತಿದ್ದಳು.

ನಿಜಾಮರ ಸರ್ಕಾರ ಹೋಗಿ ಕೆಲವೇ ವಾರಗಳಾಗಿದ್ದವು. ಹೈದರಾಬಾದಿನ ನಮ್ಮ ಕಾನ್ವೆಂಟು ಮುಚ್ಚಿದ್ದರಿಂದ ನಾನು ಸುರಪುರದಲ್ಲಿ, ಎಳೆಯ ವಯಸ್ಸಿಗೇ ವಿಧವೆಯಾದ ಈ ಅತ್ತೆಯ ಜೊತೆಗಿದ್ದೆ.

ಆಕೆಯ ಅರೆತಲೆನೋವು ಹೇಳದೆ ಬರುತ್ತಿರಲಿಲ್ಲ. ಮೊದಲು ಆಕಳಿಕೆಯ ಮೇಲೆ ಆಕಳಿಕೆ. ಆಮೇಲೆ ಬೆಲ್ಲದ ಆಸೆ. “ಕಣ್ಣಿನ ಅಂಚಿಗೆ ಗರಗಸದ ಹಲ್ಲಿನಂಗ ಬೆಳಕ ಕುಣ್ಯಾಕತ್ತದ, ಒಲಿ ಆರ್ಸು” ಎಂದಳೆಂದರೆ, ತುಸು ಹೊತ್ತಿಗೆ ತಲೆಯ ಎಡಭಾಗವಷ್ಟೇ ಬಡಿಯತೊಡಗುವುದು. ಬೆಳಕು ಆಗದು, ಸದ್ದು ಆಗದು, ಒಗ್ಗರಣೆಯ ವಾಸನೆ ಬಂದರೆ ವಾಂತಿ. ಜೋಳದ ಚೀಲಗಳಿದ್ದ ಕತ್ತಲೆ ಕೋಣೆಯಲ್ಲಿ ಹಣೆಗೆ ಒದ್ದೆಬಟ್ಟೆ ಬಿಗಿದು ಮಲಗುವಳು. ನಾನು ಓಣಿಯ ಮನೆಮನೆಗೆ ಹೋಗಿ ಹೇಳಿಬರುತ್ತಿದ್ದೆ. ಒನಕೆಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಆ ಹೆಂಗಸರ ಹೆರಿಗೆಗಳಲ್ಲಿ ನಿದ್ದೆಗೆಟ್ಟು ಕೂತವಳು ಅತ್ತೆ. ಆ ಮಾತು ಅವರಿಗೆ ನೆನಪಿತ್ತು.

“ನಿಮ್ಮತ್ತಿ ತಲಿ ಅಂದ್ರ ನಿಜಾಮನ ದರ್ಬಾರ ನೋಡು, ಊರೆಲ್ಲ ಬಾಯಿ ಮುಚಗೊಂಡಿರಬೇಕು,” ಎಂದು ಎದುರುಮನೆಯಾಕೆ ಅಣಕಿಸುವಳು. ಅಣಕಿಸುತ್ತಲೇ ಒನಕೆಯನ್ನು ಗೋಡೆಗೆ ಒರಗಿಸುವಳು.

ಅಂದು ಹಿತ್ತಲ ಬಾಗಿಲು ಸದ್ದಾಯಿತು. ತೆರೆಯಲು ಹೋದ ಅತ್ತೆ, ನಮ್ಮ ಓಣಿಗೆ ಬಳೆ ತೊಡಿಸಲು ಬರುತ್ತಿದ್ದ ಬಳೆಗಾರ್ತಿಯ ಕೈಹಿಡಿದುಕೊಂಡು ಬಂದಳು. ಹಿಂದಿನ ಸಂಜೆ ಮುಸಲ್ಮಾನರ ಓಣಿಗೆ ಬೆಂಕಿ ಬಿದ್ದಿತ್ತು. ಈಕೆಯ ಗಂಡ ಎಲ್ಲಿದ್ದಾನೋ ಈಕೆಗೇ ತಿಳಿಯದು. ತಪ್ಪಿಸಿಕೊಂಡವರನ್ನು ಹುಡುಕುವವರು ಮನೆಮನೆ ಹೊಗುತ್ತಿದ್ದರು. ಅತ್ತೆ ಆಕೆಯನ್ನು ಕತ್ತಲೆ ಕೋಣೆಯ ಚೀಲಗಳ ಹಿಂದೆ ಕೂರಿಸಿದಳು.

“ಬಳಿ ತೆಗಿ. ಸಪ್ಪಳಾಗ್ತಾವ. ನಾಳಿ ಹಾಕ್ಕೊಳ್ಳುವಂತಿ.”

ಬಳೆಗಾರ್ತಿ ಒಂದೊಂದಾಗಿ ತೆಗೆದು, ಬಳೆಯಿಲ್ಲದ ಅತ್ತೆಯ ಕೈಗೆ ಕೊಟ್ಟಳು.

“ಹೋಗು, ನನಗ ತಲಿಬ್ಯಾನಿ ಎದ್ದದಂತ ಓಣಿಗೆ ಹೇಳಿ ಬಾ,” ಎಂದಳು ಅತ್ತೆ ನನಗೆ.

“ಅತ್ತಿ, ನಿನಗ ಆಕಳಿಕೇನ ಬಂದಿಲ್ಲಲ್ಲ.”

“ಅದು ನಿನಗಷ್ಟ ಗೊತ್ತು. ಓಣಿಗೆ ಏನ್ ಗೊತ್ತಾಗ್ತದ?”

ಒನಕೆಗಳು ನಿಂತವು. ಅಷ್ಟು ಹೊತ್ತಿಗೆ ಕೋಲು, ಕೊಡಲಿ ಹಿಡಿದವರು ಬಂದರು. ಅವರಲ್ಲಿ ಎದುರುಮನೆಯಾಕೆಯ ಮೈದುನನೂ ಇದ್ದ. ಉಪ್ಪುನೀರು ಕುಡಿದಿದ್ದ ಅತ್ತೆ ಕೋಣೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗಿ ಅವರ ಕಾಲ ಬಳಿಯೇ ವಾಂತಿ ಮಾಡಿದಳು. ಕೋಣೆಯೊಳಗೆ ನೋಡಲು ಒಬ್ಬ ಕಂದೀಲು ಕೇಳಿದ. ಅತ್ತೆ ಕಣ್ಣು ಮುಚ್ಚಿಕೊಂಡು ನರಳಿದಳು.

“ಬಿಡ್ರೋ,” ಎಂದ ಮೈದುನ. “ನಮ್ಮ ವೈನಿನೂ ಕುಟ್ಟೂದು ನಿಲ್ಸ್ಯಾಳ. ಯವ್ವ, ನೀ ಮಲಕ್ಕೊ. ಆರಾಮಾದ ಮ್ಯಾಲ ಮತ್ತ ಬರ್ತೀವಿ.”

ಆ ಕೊನೆಯ ಮಾತನ್ನು ಅವನು ಬಹಳ ಮೆತ್ತಗೆ ಹೇಳಿದ.

ಕತ್ತಲಾದ ಮೇಲೆ ಬಳೆಗಾರ್ತಿಯನ್ನು ಗಾಡಿಯಲ್ಲಿ ಯಾದಗಿರಿಯ ರೈಲಿಗೆ ಮುಟ್ಟಿಸುವುದೆಂದು ಅತ್ತೆ ಏರ್ಪಾಟು ಮಾಡಿದಳು. ಬಳೆಗಾರ್ತಿ ಉಂಡು ಒಂದು ದಿನವಾಗಿತ್ತು. ಮಧ್ಯಾಹ್ನ ಅತ್ತೆ ಒಲೆ ಹೊತ್ತಿಸಿ, ಎಣ್ಣೆ ಕಾಯಿಸಿ ಬೆಳ್ಳುಳ್ಳಿ ಜಜ್ಜಿ ಹಾಕಿದಳು.

“ಸಪ್ಪನ ಬ್ಯಾಳೀನ ಕೊಡೂಣತ್ತಿ,” ಎಂದೆ.

“ಮನಿಗೆ ಬಂದಾಕಿಗೆ ಸಪ್ಪಂದು ನೀಡಿ ನನಗ ರೂಢಿ ಇಲ್ಲ.”

ಭಿಕ್ಷೆಗೆ ಬಂದವರಿಗೂ ಒಗ್ಗರಣೆ ಹಾಕಿಯೇ ನೀಡುತ್ತಿದ್ದವಳು ಆಕೆ. ಬಳೆಗಾರ್ತಿ ಕತ್ತಲೆಯಲ್ಲಿ ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿಕೊಂಡು, ಸದ್ದಿಲ್ಲದೆ ಅಳುತ್ತ ಉಂಡಳು.

ಆ ಗಾಡಿ ಯಾದಗಿರಿ ಮುಟ್ಟಲಿಲ್ಲ. ಬಿಚ್ಚಿಟ್ಟ ಬಳೆಗಳು ಅತ್ತೆ ತೀರಿಕೊಳ್ಳುವವರೆಗೂ ಆಕೆಯ ಬೇಳೆಡಬ್ಬಿಯಲ್ಲಿದ್ದವು; ಕೇಳಲು ಯಾರೂ ಬರಲಿಲ್ಲ. ಓಣಿಗೆ ನನ್ನನ್ನು ಕಳಿಸುವುದನ್ನೂ ಅತ್ತೆ ಅಂದಿಗೇ ಬಿಟ್ಟಳು. ನಿಜವಾಗಿ ನೋವು ಬಂದಾಗಲೂ, ಒನಕೆಗಳ ಸದ್ದಿನ ನಡುವೆಯೇ ಹಲ್ಲು ಕಚ್ಚಿ ಮಲಗುತ್ತಿದ್ದಳು.

ಈಗ ಅದೇ ನೋವು ನನ್ನ ಎಡಗಣ್ಣಿನ ಹಿಂದೆ ಬಂದು ಕೂತಿದೆ. ಆಕಳಿಕೆ ಶುರುವಾದೊಡನೆ ಒಲೆ ಆರಿಸಿ ಕಿಟಕಿ ಮುಚ್ಚುತ್ತೇನೆ. ಗುರುತು ಹಿಡಿಯಲು ಕಲಿಸಿದವಳು ಅತ್ತೆ. ಬಾಗಿಲು ಹಾಕಿದ್ದರೂ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಸಂದಿನಿಂದ ತೂರಿ ಬರುತ್ತದೆ. ಆಗ ಬಳೆಗಾರ್ತಿ ಹೊರಡಬೇಕಿದ್ದ ಆ ಸಂಜೆ ಎದುರಿಗೆ ಬಂದು ನಿಲ್ಲುತ್ತದೆ.

ಗಾಡಿ ಬರುವುದಿನ್ನೂ ತಡವಿತ್ತು. ಬಾಗಿಲ ಪಕ್ಕದ ಗೂಡಿನಲ್ಲಿ ದೀಪ ಇಡಲು ನಾನು ಹೊರಬಂದೆ. ಎದುರುಮನೆಯಾಕೆ ತನ್ನ ಕಟ್ಟೆಯ ಮೇಲೆ ಕಂದೀಲಿನ ಗಾಜು ಒರೆಸುತ್ತಿದ್ದಳು. ಮೈದುನ ಪಕ್ಕದಲ್ಲೇ ಕೂತು ಊಟಕ್ಕೆ ಕೈ ತೊಳೆಯುತ್ತಿದ್ದ. ಆಕೆ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತ, ನನ್ನತ್ತ ತಿರುಗದೆಯೇ ಅಂದಳು:

“ತಲಿಬ್ಯಾನಿ ಎದ್ದ ದಿನ ನಿಮ್ಮತ್ತಿಗೆ ಒಗ್ಗರಣಿ ವಾಸನಿ ಆಗ್ತಿದ್ದಿಲ್ಲಲ್ಲ. ಇವತ್ತ ನಿಮ್ಮನಿ ಬೆಳ್ಳುಳ್ಳಿ ವಾಸನಿ ನಮ್ಮ ಪಡಸಾಲಿಮಟ ಬಂತು ನೋಡು.”