ಹನ್ನೆರಡೂವರೆಯ ಅಪರಾಧ

ಹರಿಹರದ ನಾಗಭೂಷಣ್ ದಾವಣಗೆರೆಯ ಕಾಲೇಜೊಂದರಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದ. ಓದಿದ ಎನ್ನುವುದಕ್ಕಿಂತ ಉರು ಹೊಡೆದ ಎನ್ನಬೇಕು. ಬಸ್ಸಿನ ಕಂಬಿ ಹಿಡಿದು, ಕಣ್ಣು ಮುಚ್ಚಿ, ಲ್ಯಾಬ್ ಮ್ಯಾನುಯಲ್‌ನ ಪ್ರೋಗ್ರಾಂಗಳನ್ನು ಸೆಮಿಕೋಲನ್ ಸಮೇತ ಒಪ್ಪಿಸುತ್ತಿದ್ದ. "ನಮ್ಮ ಹುಡುಗನಿಗೆ ಇಡೀ ಕಂಪ್ಯೂಟ್ರು ಬಾಯಿಗೆ ಬರ್ತೈತ್ರಿ" ಎಂದು ತಾಯಿ ಸರ್ವಮಂಗಳಮ್ಮ ಓಣಿ ತುಂಬ ಹೇಳಿಕೊಂಡು ಬಂದರು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವನಿಗೂ ಸಹಪಾಠಿ ಹುಮಾಳಿಗೂ ಒಂದೇ ಪ್ರಶ್ನೆಯ ಚೀಟಿ ಬಂತು: ಎರಡು ಸಂಖ್ಯೆಗಳ ಸರಾಸರಿ ತೆಗೆಯುವುದು. ಹತ್ತು ಮತ್ತು ಹದಿನೈದು ಕೊಟ್ಟಾಗ, ಮ್ಯಾನುಯಲ್‌ನಲ್ಲಿದ್ದದ್ದನ್ನೇ ಬರೆದಿದ್ದ ನಾಗಭೂಷಣನ ಪರದೆಯಲ್ಲಿ ಹನ್ನೆರಡು ಬಂತು. ಪ್ರೋಗ್ರಾಂ ತಾನೇ ಯೋಚಿಸಿ ಬರೆದಿದ್ದ ಹುಮಾಳಿಗೆ ಹನ್ನೆರಡೂವರೆ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮ್ಯಾನುಯಲ್ ತೆರೆದು ಬೆರಳಿಟ್ಟು ನೋಡಿದರು. ಅದನ್ನು ಬರೆದ ಮಹಾನುಭಾವರು ಹನ್ನೆರಡರ ಮೇಲಿನ ಅರ್ಧವನ್ನು ನುಂಗಿ ಎಷ್ಟು ವರ್ಷವಾಗಿತ್ತೋ, ಒಬ್ಬರೂ ಕೇಳಿರಲಿಲ್ಲ.

"ಇಲ್ಲಿ ಹನ್ನೆರಡು ಅಂತ ಐತಲ್ಲಮ್ಮ, ಈ ಅರ್ಧ ಎಲ್ಲಿಂದ ತಂದಿ?" ಎಂದು ಹುಮಾಳ ಅಂಕ ಕತ್ತರಿಸಿದರು. ನಾಗಭೂಷಣನಿಗೆ ಪೂರ್ತಿ ಅಂಕ ಕೊಟ್ಟು ಬೆನ್ನು ತಟ್ಟಿದರು.

ಇಂಥ ಪ್ರತಿಭೆಯನ್ನು ಕಾಲೇಜು ಬಿಟ್ಟೀತೇ? ಈಗ ಅದೇ ಲ್ಯಾಬಿನಲ್ಲಿ, ಅದೇ ಮ್ಯಾನುಯಲ್ ಹಿಡಿದು ಅವನೇ ಹೇಳಿಕೊಡುತ್ತಾನೆ. ಮೊನ್ನೆ ನಯನಾ ಎಂಬ ಹೊಸ ಹುಡುಗಿ ಎದ್ದು ನಿಂತು, "ಸರ್, ಲೆಕ್ಕ ಹಾಕಿದ್ರೆ ಹನ್ನೆರಡೂವರೆ ಆಗ್ತೈತಲ್ರೀ?" ಎಂದು ಕೇಳಿದಳು.

ನಾಗಭೂಷಣ್ ಅವಳನ್ನು ಕನಿಕರದಿಂದ ನೋಡಿದ.

"ಲೆಕ್ಕ ಹಾಕು ಅಂತ ಯಾರು ಹೇಳಿದ್ರಮ್ಮ ನಿನಗೆ? ಇದು ಕಂಪ್ಯೂಟರ್ ಸೈನ್ಸು."