ಬೇಡ ಅನ್ನದೆ ಬಿಟ್ಟದ್ದು

ಮುಂಬಯಿಯ ಕಂಪ್ಯೂಟರ್ ಕೆಲಸಕ್ಕೆ ರಜೆ ಹಾಕಿ ಮುದ್ದೇಬಿಹಾಳಕ್ಕೆ ಹೊರಟಿದ್ದೆ. ಇಂಡಿಯಲ್ಲಿ ಬಸ್ಸು ಹತ್ತಿದವಳೇ ತೊಡೆಯ ಮೇಲೆ ಪ್ರೋಗ್ರಾಮಿನ ಹಾಳೆ ಹರಡಿಕೊಂಡೆ. ಸಂಬಳದ ಲೆಕ್ಕದ ಹಳೆಯ ಉದ್ದನೆ ಪ್ರೋಗ್ರಾಮನ್ನು ಸಣ್ಣ ಸಣ್ಣ ತುಂಡು ಮಾಡಿದ್ದೆ. ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಪ್ರತಿ ತುಂಡಿಗೂ ಏನು ಬೇಕು, ಏನು ಬೇಡ ಎಂದು ಬೇರೆಬೇರೆಯಾಗಿ ಹೇಳಬೇಕು. ಹೇಳದೆ ಬಿಟ್ಟರೆ ಅದು ತನ್ನದೇ ಒಂದು ತೀರ್ಮಾನ ಹಿಡಿದು ಮುಂದೆ ಹೋಗುತ್ತದೆ, ನಮ್ಮನ್ನು ಕೇಳುವುದಿಲ್ಲ. ಎಲ್ಲಿ ಏನು ಬಿಟ್ಟಿದ್ದೇನೋ ಎಂಬ ಹೆದರಿಕೆ ನನಗೆ.

ಪಕ್ಕದ ಹೆಂಗಸು ಮಾತಾಡುತ್ತಲೇ ಇದ್ದರು. "ನಿಮ್ಮಪ್ಪ ನಮಗ ಗೊತ್ತಿದ್ದವರ. ನನ್ನ ತಮ್ಮ ಸಾಲಿ ಮಾಸ್ತರ ಅದಾನ, ಅವಗ ಕನ್ಯಾ ಹುಡಕಾಕತ್ತೀವಿ. ಸಿಂದಗ್ಯಾಗ ಇಳದು ನೋಡಿ ಹೋಗವಾ."

ನಾಚಿಕೆಗೆ ತಲೆ ತಗ್ಗಿಸಿದೆ. ಸಿಂದಗಿ ಬಂದಾಗ ನನ್ನ ಚೀಲ ಅವರ ಕೈಯಲ್ಲಿತ್ತು!

"ಏಳವಾ, ಮನ್ಯಾಗ ಎಲ್ಲಾರೂ ಅದಾರ."

"ನಾ ಒಲ್ಲೆರಿ!" ಎಂದು ಚೀರಿಯೇ ಬಿಟ್ಟೆ.

"ಇಷ್ಟೊತ್ತು ಬಾಯಾಗ ಏನ ಇಟ್ಕೊಂಡಿದ್ದಿ? ಸುಮ್ಕ ಕುಂತಿ, ಒಪ್ಪೀದಿ ಅನ್ಕೊಂಡ್ನಿ."

ಚೀಲ ಕೊಟ್ಟು ಹೊರಟವರು ಬಾಗಿಲಲ್ಲಿ ತಿರುಗಿದರು. "ನಿನಗ ತಂಗಿ ಅದಾಳೇನ?"

"ಇಲ್ರಿ," ಅಂದೆ ತಕ್ಷಣ. ಮನೆಯಲ್ಲಿ ಇಬ್ಬರಿದ್ದರು; ಅವರಿಗೂ ಬೇಡ ಎಂದು ನಾನೇ ಹೇಳಿಬಿಟ್ಟಿದ್ದೆ.